ಮೇ ಆಂಟಿಯ ಪೇರ್ ಹಣ್ಣು, ಅಮ್ಮನ ಒಣಕೆಮ್ಮು

ಆಗೆಲ್ಲ ದೋಹಾದಲ್ಲಿ ಬೇಸಿಗೆ ಮುಗಿಯಿತೆಂದು ತಿಳಿಯಲು ಕ್ಯಾಲೆಂಡರ್ ನೋಡಬೇಕಾಗಿರಲಿಲ್ಲ. ಕಿಟಕಿಯ ಏಸಿಗಳಿಂದ ತೊಟ್ಟಿಕ್ಕುವ ನೀರು ನಿಂತರೆ ಬೇಸಿಗೆ ಮುಗಿದ ಹಾಗೆ. ಅಲ್ ಮುಂತಜಾ ಬಡಾವಣೆಯ ನಮ್ಮ ಹಳೆಯ ಕಟ್ಟಡದ ಗೋಡೆಗಳಲ್ಲಿ ಆ ನೀರು ಹರಿದು ಹರಿದು ಹಸಿರು ಕರೆ ಕಟ್ಟಿತ್ತು. ಅಕ್ಟೋಬರ್ ಕೊನೆಗೆ ಬಡಗಣ ಗಾಳಿ ಶುರುವಾದರೆ ಮೈಯ ಅಂಟೆಲ್ಲ ಹೋಗಿ ಆ ಜಾಗಕ್ಕೆ ಒಣಗು ಬಂದು ಕೂರುತ್ತಿತ್ತು. ತುಟಿ ಒಡೆಯುತ್ತಿತ್ತು. ಬೆಳಿಗ್ಗೆ ಎದ್ದರೆ ಮೂಗಿನಲ್ಲಿ ರಕ್ತದ ಹೆಪ್ಪು. ಯೂನಿಫಾರ್ಮಿನ ಸ್ವೆಟರ್ ತೆಗೆಯುವಾಗ ಚಟಚಟ ಸದ್ದು. ಕಾರ್ಪೆಟ್ಟಿನ ಮೇಲೆ ಕಾಲು ಉಜ್ಜಿಕೊಂಡು ಓಡಿ ಬಂದು ಇನ್ನೊಬ್ಬರ ಕಿವಿ ಮುಟ್ಟಿ ಕಿಡಿ ಹಾರಿಸುವುದು ಮಕ್ಕಳ ಆಟ. ಕೊಲ್ಲಿಯಲ್ಲಿ ಬೆಳೆದ ನಿಮ್ಮಲ್ಲಿ ಎಷ್ಟೋ ಜನರ ಕಿವಿಗೂ ಆ ಕಿಡಿ ತಾಗಿರಬಹುದು.

ತೊಂಬತ್ತರ ದಶಕ ಶುರುವಾಗಿ ಒಂದೆರಡು ವರ್ಷ ಆಗಿತ್ತು. ನನಗೆ ಹತ್ತು ವರ್ಷ. ಮನೆಯಲ್ಲಿ ಪಪ್ಪ, ಅಮ್ಮ, ನಾನು, ಮೂರೇ ಜನ. ಅಪ್ಪ ಅಮ್ಮನ ನಡುವೆ ತುಳು, ಶಾಲೆಯಲ್ಲಿ ಇಂಗ್ಲಿಷು; ಮಗಳು ಅಕ್ಷರ ಮರೆತಾಳು ಎಂಬ ಭಯಕ್ಕೆ ಅಮ್ಮ ನನ್ನ ಹತ್ತಿರ ಹಟ ಹಿಡಿದು ಕನ್ನಡವನ್ನೇ ಆಡುತ್ತಿದ್ದಳು. ಆ ವರ್ಷದ ಒಣಹವೆಯ ಜೊತೆಗೆ ಅಮ್ಮನಿಗೆ ಕೆಮ್ಮು ಬಂತು. ಕಫವಿಲ್ಲದ, ಜ್ವರವಿಲ್ಲದ, ಬರೀ ಗಂಟಲು ಕೆರೆಯುವ ಒಣಕೆಮ್ಮು. ಪಾತ್ರೆ ತೊಳೆಯುವಾಗ ಕೆಮ್ಮು, ನನ್ನ ಜಡೆ ಹೆಣೆಯುವಾಗ ಕೆಮ್ಮು. ಅವಳು ಕೆಮ್ಮಿದಾಗೆಲ್ಲ ನನ್ನ ಜಡೆ ಒಂದು ಸಲ ಜಗ್ಗುತ್ತಿತ್ತು. ನಾನು ಅದಕ್ಕೆ ಸಿಡಿಮಿಡಿಗೊಳ್ಳುತ್ತಿದ್ದೆ.

ಊರಿನಿಂದ ಬರುವ ಪ್ರತಿಯೊಬ್ಬರ ಸೂಟ್‌ಕೇಸಿನಲ್ಲೂ ನಮಗೊಂದು ಕಷಾಯದ ಪುಡಿಯ ಪೊಟ್ಟಣ ಇರುತ್ತಿತ್ತು. ಕಾಳುಮೆಣಸು, ಜೀರಿಗೆ, ಕೊತ್ತಂಬರಿ, ಒಣಶುಂಠಿ. ನಮ್ಮ ಕಡೆಯವರಿಗೆ ಕೆಮ್ಮು ಅಂದರೆ ಶೀತ, ಶೀತಕ್ಕೆ ಕಾಳುಮೆಣಸು. ಇದರಲ್ಲಿ ಚರ್ಚೆಗೆ ಜಾಗವೇ ಇಲ್ಲ. ಅಮ್ಮ ದಿನಕ್ಕೆ ಮೂರು ಲೋಟ ಕುದಿಸಿ ಕುಡಿದಳು. ಕೆಮ್ಮು ಇನ್ನಷ್ಟು ಒಣಗಿತು. ಹಾಗಾದರೆ ಮೆಣಸು ಸಾಲಲಿಲ್ಲ ಎಂದು ಇನ್ನೊಂದು ಚಮಚ ಹಾಕಿದಳು.

ನಮ್ಮ ಅಡುಗೆಮನೆಯ ಕಿಟಕಿಗೂ ಎದುರು ಫ್ಲ್ಯಾಟಿನ ಅಡುಗೆಮನೆಯ ಕಿಟಕಿಗೂ ನಡುವೆ ಗಾಳಿ ಬೆಳಕಿಗೆಂದು ಬಿಟ್ಟ ಒಂದು ಓಣಿಯಷ್ಟೇ ಇತ್ತು. ಅಲ್ಲಿಂದ ಕೆಮ್ಮು ಆಚೆ ಹೋಗುತ್ತಿತ್ತು, ಮೆಣಸಿನ ಘಾಟೂ ಹೋಗುತ್ತಿತ್ತು. ಆಚೆ ಇದ್ದದ್ದು ಮೇ ಆಂಟಿ. ಮಲೇಷ್ಯಾದ ಪೆನಾಂಗಿನ ಚೀನೀ ಹೆಂಗಸು, ಮಕ್ಕಳಿಲ್ಲ, ಗಂಡ ಉತ್ತರದ ಗ್ಯಾಸ್ ಸ್ಥಾವರದಲ್ಲಿ ಕೆಲಸ ಮಾಡಿ, ಶುಕ್ರವಾರದ ರಜೆಗೆಂದು ಗುರುವಾರ ಸಂಜೆ ಮಾತ್ರ ಮನೆಗೆ ಬರುತ್ತಿದ್ದರು. ಅವಳ ಅಜ್ಜನಿಗೆ ಪೆನಾಂಗಿನಲ್ಲಿ ಔಷಧದ ಅಂಗಡಿ ಇತ್ತಂತೆ. ಗೋಡೆ ತುಂಬ ಸಣ್ಣ ಸಣ್ಣ ಮರದ ಖಾನೆಗಳು, ಒಂದೊಂದರಲ್ಲಿ ಒಂದೊಂದು ಬೇರು, ತೊಗಟೆ, ಒಣ ಹೂವು. ಅದರ ಎದುರಿಗೇ ಆಡಿ ಬೆಳೆದವಳು.

ಒಂದು ಮಧ್ಯಾಹ್ನ ಶಾಲೆಯಿಂದ ಬಂದಾಗ ಮೇ ಆಂಟಿ ಬಾಗಿಲಲ್ಲಿ ನಿಂತಿದ್ದಳು. ಕೈಯಲ್ಲಿ ನೀಲಿ ಮೀನಿನ ಚಿತ್ರವಿದ್ದ ಮುಚ್ಚಳದ ಬಟ್ಟಲು. ಮುಚ್ಚಳ ತೆಗೆದರೆ ಸಿಹಿ ಹಬೆ. ಒಳಗೆ ಒಂದು ಇಡೀ ಪೇರ್ ಹಣ್ಣು. ತಿರುಳು ಕೊರೆದು ಕಲ್ಲುಸಕ್ಕರೆ ತುಂಬಿ, ತೊಟ್ಟಿನ ಕಡೆಯ ತುಂಡನ್ನೇ ಟೊಪ್ಪಿಯ ಹಾಗೆ ಮೇಲಿಟ್ಟು, ಗಂಟೆಗಟ್ಟಲೆ ಹಬೆಯಲ್ಲಿ ಬೇಯಿಸಿದ್ದು. ಸುತ್ತ ಹಣ್ಣೇ ಬಿಟ್ಟ ತಿಳಿ ರಸ.

ಅಮ್ಮನ ಇಂಗ್ಲಿಷು 'ವೆರಿ ನೈಸ್', 'ಥ್ಯಾಂಕ್ಯೂ'ಗಳಿಗೆ ಮುಗಿಯುತ್ತಿದ್ದರಿಂದ ಮಾತು ದಾಟಿಸುವ ಕೆಲಸ ನನ್ನದು. ಮೇ ಆಂಟಿ ನನ್ನ ಮಟ್ಟಕ್ಕೆ ಬಗ್ಗಿ ಇಂಗ್ಲಿಷಿನಲ್ಲಿ ಹೇಳಿದಳು. "ಸುಮಾ, ಈ ಕಾಲದಲ್ಲಿ ಶ್ವಾಸಕೋಶಕ್ಕೆ ಬಾಯಾರಿಕೆ ಆಗುತ್ತದೆ. ನಿನ್ನ ಅಮ್ಮನದು ಶೀತದ ಕೆಮ್ಮಲ್ಲ, ಒಣಗಿದ ಕೆಮ್ಮು. ಅದಕ್ಕೆ ಖಾರ ಕೊಟ್ಟರೆ ಇನ್ನೂ ಒಣಗುತ್ತದೆ. ಇದು ಒಳಗನ್ನು ಒದ್ದೆ ಮಾಡುತ್ತದೆ. ದಿನ ಬಿಟ್ಟು ದಿನ ಕೊಡುತ್ತೇನೆ, ಮೂರು ವಾರ."

ಅಮ್ಮ ನಗುತ್ತ ಬಟ್ಟಲು ತೆಗೆದುಕೊಂಡಳು. ಬಾಗಿಲು ಹಾಕಿದ ಮೇಲೆ ಮುಖ ಸಣ್ಣ ಮಾಡಿದಳು.

"ಕೆಮ್ಮಿಗೆ ಹಣ್ಣು ಕೊಡುದಾ ಮಾರಾಯ್ತಿ! ಅದೂ ಇಷ್ಟು ತಂಪಿನದ್ದು. ಇದನ್ನು ತಿಂದ್ರೆ ಎದೆಯಲ್ಲಿ ಕಫ ಕಟ್ಟಿ ನಾನು ಆಸ್ಪತ್ರೆ ಸೇರ್ಬೇಕಷ್ಟೆ. ಪಾಪ, ಪ್ರೀತಿಯಲ್ಲಿ ತಂದದ್ದು. ಬೇಡ ಅಂತ ಹೇಳ್ಲಿಕ್ಕೆ ಆಗುದಿಲ್ಲ. ನೀನು ಹೋಗಿ ಮೋರಿಗೆ ಸುರಿದು ಬಟ್ಟಲು ತೊಳೆದು ತಾ. ಕೇಳಿದ್ರೆ ಅಮ್ಮ ತಿಂದ್ರು ಅಂತ ಹೇಳು."

ಬಟ್ಟಲು ಬರಿದಾಗಿ ವಾಪಸು ಹೋಗುವ ಹಾಗಿರಲಿಲ್ಲ. ಅದು ನಮ್ಮ ಮನೆಯ ಕ್ರಮ. ಏನಾದರೂ ಹಾಕಿಯೇ ಕೊಡಬೇಕು, ಏನೂ ಇಲ್ಲದಿದ್ದರೆ ಒಂದು ಹಿಡಿ ಸಕ್ಕರೆಯಾದರೂ. ಅಮ್ಮ ಅದರಲ್ಲಿ ಚಕ್ಕುಲಿ ಕಳಿಸಿದಳು. ಚಕ್ಕುಲಿ ತಿಂದ ಮೇ ಆಂಟಿ, ಪೇರ್ ಹಣ್ಣು ಅಮ್ಮನಿಗೆ ಹಿಡಿಸಿತು ಎಂದು ತಿಳಿದಳು. ಒಂದು ದಿನ ಬಿಟ್ಟು ಹಣ್ಣು, ಈ ಕಡೆಯಿಂದ ನೀರುದೋಸೆ. ಮತ್ತೆ ಹಣ್ಣು, ಈ ಕಡೆಯಿಂದ ಬನ್ಸ್. ಎರಡು ಮನೆಯವರೂ ಮರ್ಯಾದಸ್ತರು, ಹಾಗಾಗಿ ಅದನ್ನು ನಿಲ್ಲಿಸುವವರೇ ಇರಲಿಲ್ಲ.

ಈಗ ನನ್ನ ಪಾಲಿನದ್ದು ಹೇಳುತ್ತೇನೆ. ನಾನು ಅದನ್ನು ಮೋರಿಗೆ ಸುರಿಯಲಿಲ್ಲ. ಮೊದಲ ದಿನವೇ ಬಚ್ಚಲಿನ ಬಾಗಿಲು ಹಾಕಿಕೊಂಡು, ಸುರಿಯುವ ಮೊದಲು ಬೆರಳು ಅದ್ದಿ ನೆಕ್ಕಿದೆ. ಆಮೇಲೆ ಬಟ್ಟಲನ್ನೇ ಬಾಯಿಗೆ ಹಿಡಿದೆ. ಅಂಥ ರುಚಿಯನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ. ಹಣ್ಣು ನಾಲಗೆಗೆ ತಾಗಿದ ಕೂಡಲೇ ಕರಗುತ್ತಿತ್ತು, ಬಿಸಿ ರಸ ಗಂಟಲಲ್ಲಿ ಇಳಿಯುವುದು ಹೊಟ್ಟೆಯ ತನಕ ಗೊತ್ತಾಗುತ್ತಿತ್ತು. ಎರಡನೆಯ ವಾರಕ್ಕೆ ಮೇ ಆಂಟಿ ಇನ್ನೇನೋ ಸೇರಿಸಿದಳು. ನೀರಿನಲ್ಲಿ ನೆನೆಸಿದರೆ ಹೂವಿನ ಹಾಗೆ ಅರಳುವ ಬಿಳಿ ಅಣಬೆ, ಲಿಲ್ಲಿ ಗೆಡ್ಡೆಯ ಒಣ ಎಸಳು. ಅದನ್ನು ಕಂಡು ಅಮ್ಮ "ಇದೆಂತದು, ಯಾವ ಪ್ರಾಣಿಯದ್ದೋ" ಎಂದು ಮೂಗು ಮುಚ್ಚಿಕೊಂಡಳು. ನಾನು ಬಚ್ಚಲಿನಲ್ಲಿ ಕಮೋಡಿನ ಮುಚ್ಚಳದ ಮೇಲೆ ಕೂತು ಒಂದು ತುಣುಕೂ ಬಿಡದೆ ತಿಂದೆ. ಆಚೆಯಿಂದ ಅಮ್ಮನ ಕೆಮ್ಮು ಕೇಳಿಸುತ್ತಲೇ ಇತ್ತು. ನಾನು ತಿನ್ನುತ್ತಲೇ ಇದ್ದೆ.

ಬಟ್ಟಲು ಕೊಡಲು ಹೋದಾಗ ಮೇ ಆಂಟಿ ವೈದ್ಯರ ಹಾಗೆ ಪ್ರಶ್ನೆ ಕೇಳುತ್ತಿದ್ದಳು.

"ಎಲ್ಲ ತಿಂದಳಾ?"

"ಎಲ್ಲ ತಿಂದ್ರು ಆಂಟಿ."

"ರಸ?"

"ರಸವೂ."

"ಗಂಟಲು ಹೇಗಿದೆಯಂತೆ?"

"ತಣ್ಣಗಾಯ್ತಂತೆ," ಎನ್ನುತ್ತಿದ್ದೆ. ಅದು ನನ್ನ ಗಂಟಲಿನ ವರದಿ, ಸುಳ್ಳಲ್ಲ. ಸುಳ್ಳು ಹೇಳುವುದು ಅಭ್ಯಾಸವಾದ ಮೇಲೆ ಅದರಲ್ಲಿ ನನಗೆ ಒಂದು ಬಗೆಯ ಜಂಬವೂ ಬಂದಿತ್ತು.

ಮೂರು ವಾರ ಕಳೆಯಿತು. ಶನಿವಾರ ಮಧ್ಯಾಹ್ನ ಬಟ್ಟಲು ಹಿಡಿದು ಹೋದಾಗ ಮೇ ಆಂಟಿಯ ಮನೆಯ ನೆಲದಲ್ಲಿ ಸೂಟ್‌ಕೇಸ್ ತೆರೆದಿತ್ತು. ಅವಳ ತಾಯಿಗೆ ಹುಷಾರಿಲ್ಲ, ಮರುದಿನವೇ ಪೆನಾಂಗಿಗೆ ಹೊರಟಿದ್ದಳು, ಬರುವುದು ಎರಡು ತಿಂಗಳಾದ ಮೇಲೆ. ಅವಳು ಬಟ್ಟೆ ಮಡಚುವುದನ್ನು ಬಿಟ್ಟು ನನ್ನ ಎರಡೂ ಕೈ ಹಿಡಿದುಕೊಂಡಳು.

"ಸುಮಾ, ಸರಿಯಾಗಿ ಕೇಳು. ಮೂರು ವಾರ ತಿಂದೂ ನಿನ್ನ ಅಮ್ಮನ ಕೆಮ್ಮು ಕಡಿಮೆಯಾಗಿಲ್ಲ, ಕಿಟಕಿಯಲ್ಲಿ ನನಗೆ ಕೇಳಿಸುತ್ತದೆ. ಬರೀ ಒಣಗಿನ ಕೆಮ್ಮಾಗಿದ್ದರೆ ಇಷ್ಟು ಹೊತ್ತಿಗೆ ಹೋಗಬೇಕಿತ್ತು. ಇದು ಬೇರೆ ಏನೋ. ಅಜ್ಜನ ಅಂಗಡಿಯಲ್ಲಿ ಇಂಥವರಿಗೆ ಔಷಧ ಕೊಡುತ್ತಿರಲಿಲ್ಲ, ಆಸ್ಪತ್ರೆಗೆ ಹೋಗಿ ಎನ್ನುತ್ತಿದ್ದರು. ಇವತ್ತೇ ನಿನ್ನ ಪಪ್ಪನಿಗೆ ಹೇಳು. ಎಕ್ಸ್‌ರೇ ತೆಗೆಸಲಿ. ನಿನ್ನ ಅಮ್ಮನನ್ನು ಕೇಳಿದರೆ ವೆರಿ ನೈಸ್ ಎಂದು ನಗುತ್ತಾಳೆ. ಪಪ್ಪನಿಗೆ ಹೇಳುತ್ತೀಯಲ್ಲ?"

"ಹೇಳ್ತೇನೆ ಆಂಟಿ."

"ಮರೆಯುವುದಿಲ್ಲ ತಾನೇ?"

"ಇಲ್ಲ."

ನಾನು ಮರೆಯಲಿಲ್ಲ. ಮರೆತಿದ್ದರೆ ನನ್ನನ್ನು ನಾನು ಎಂದೋ ಕ್ಷಮಿಸಿಬಿಡುತ್ತಿದ್ದೆ. ಆ ಸಂಜೆ ಪಪ್ಪ ಡ್ಯೂಟಿ ಮುಗಿಸಿ ಬಂದು, ಶೂ ಬಿಚ್ಚಿ, ಸೋಫಾದಲ್ಲಿ ಕೂತು ಖುಬೂಸ್ ರೊಟ್ಟಿಯನ್ನು ಚಹಾದಲ್ಲಿ ಅದ್ದಿ ತಿನ್ನುತ್ತಿದ್ದರು. ನಾನು ಅವರ ಎದುರಿಗೆ ಹೋಗಿ ನಿಂತೆ. ಹತ್ತು ವರ್ಷದ ತಲೆಯಲ್ಲಿ ಎಲ್ಲ ಲೆಕ್ಕಾಚಾರ ನಡೆಯಿತು. ಅಮ್ಮ ಆ ಹಣ್ಣು ತಿಂದೇ ಇಲ್ಲ. ತಿಂದೂ ಗುಣವಾಗದಿದ್ದರೆ ತಾನೇ ಬೇರೆ ಕಾಯಿಲೆ? ತಿನ್ನದೆ ಇದ್ದವರಿಗೆ ಈ ಮಾತು ಹೇಗೆ ತಾಗುತ್ತದೆ? ಇದು ಬರೀ ಒಣಕೆಮ್ಮೇ ಇರಬೇಕು. ಅಷ್ಟಕ್ಕೂ ಹೇಳಿದರೆ ಪಪ್ಪ ಕೇಳುತ್ತಾರೆ, ಯಾವ ಹಣ್ಣು, ಯಾರು ತಿಂದದ್ದು ಎಂದು. ಬಚ್ಚಲಿನ ವಿಷಯ ಹೊರಗೆ ಬರುತ್ತದೆ. ಮೇ ಆಂಟಿ ವಾಪಸು ಬಂದ ಮೇಲೆ ಹಣ್ಣೂ ನಿಲ್ಲುತ್ತದೆ.

"ಎಂತ ಮಗಾ?" ಪಪ್ಪ ಕೇಳಿದರು.

"ಎಂತ ಇಲ್ಲ."

"ಶಾಲೆಯಲ್ಲಿ ಯಾರಾದ್ರೂ ಎಂತಾದ್ರೂ ಹೇಳಿದ್ರಾ?"

"ಇಲ್ಲ ಪಪ್ಪ." ನಾನು ಟೆರೇಸಿಗೆ ಓಡಿ ಕುಂಟೆಬಿಲ್ಲೆ ಆಡಿದೆ. ಆ ದಿನ ಗೆದ್ದೆ ಕೂಡ.

ಡಿಸೆಂಬರ್ ಹೋಯಿತು. ಕೆಮ್ಮಿನ ಸದ್ದು ಮನೆಯ ಗಡಿಯಾರದ ಸದ್ದಿನ ಹಾಗೆ ರೂಢಿಯಾಗಿ, ಯಾರಿಗೂ ಕೇಳಿಸದಂತಾಯಿತು. ಅಮ್ಮನ ಬಳೆಗಳು ಸಡಿಲವಾಗಿ ಮೊಣಕೈ ತನಕ ಜಾರುತ್ತಿದ್ದವು. ನಾನು ಅದನ್ನು ನೋಡುತ್ತಿದ್ದೆ. ಪಪ್ಪ ಒಂದೆರಡು ಸಲ "ಡಾಕ್ಟರಿಗೆ ತೋರಿಸುವ" ಎಂದಾಗ ಅಮ್ಮ "ಹವೆ ಬದಲಾದ್ರೆ ಸರಿ ಆಗ್ತದೆ, ಈ ಒಣಗು ಪ್ರತಿ ವರ್ಷ ಉಂಟಲ್ಲ" ಎಂದಳು. ಆಗಲೂ ನಾನು ಬಾಯಿ ಬಿಡಬಹುದಿತ್ತು. ಜನವರಿಯ ಕೊನೆಗೆ ಅವಳ ಕರ್ಚೀಫಿನಲ್ಲಿ ರಕ್ತ ಕಂಡಿತು. ಎಕ್ಸ್‌ರೇ ಆಯಿತು. ಎಡ ಶ್ವಾಸಕೋಶದಲ್ಲಿ ಗಡ್ಡೆ, ಈಗಾಗಲೇ ಬೆಳೆದುಬಿಟ್ಟಿದೆ ಎಂದರು. ಮೊದಲೇ ಬಂದಿದ್ದರೆ ಉಳಿಯುತ್ತಿದ್ದರೇ ಎಂದು ಪಪ್ಪ ಕೇಳಿದ್ದಕ್ಕೆ ಡಾಕ್ಟರು, ಹೇಳಲಾಗದು, ಆದರೆ ಬೇಗ ಬಂದಷ್ಟೂ ಒಳ್ಳೆಯದಿತ್ತು ಎಂದರಂತೆ. ಆ 'ಹೇಳಲಾಗದು' ಎಂಬ ಮಾತಿನೊಳಗೆ ನಾನು ಇವತ್ತಿನವರೆಗೂ ವಾಸವಾಗಿದ್ದೇನೆ.

ನಾವು ಮಂಗಳೂರಿಗೆ ಹೊರಡುವ ಎರಡು ದಿನ ಮೊದಲು ಮೇ ಆಂಟಿ ಪೆನಾಂಗಿನಿಂದ ಬಂದಳು. ಸೂಟ್‌ಕೇಸ್ ಒಳಗಿಡದೆ ನೇರ ನಮ್ಮ ಮನೆಗೇ ಬಂದಳು. ಕುರ್ಚಿಯಲ್ಲಿ ಶಾಲು ಹೊದ್ದು ಕೂತ ಅಮ್ಮನನ್ನು ಕಂಡು ಅಲ್ಲೇ ನೆಲಕ್ಕೆ ಕುಸಿದು, ಅಮ್ಮನ ಮೊಣಕಾಲು ಹಿಡಿದುಕೊಂಡು ನನ್ನತ್ತ ತಿರುಗಿ ಕೇಳಿದಳು.

"ಸುಮಾ, ಕೇಳು ಅವಳನ್ನು. ಪೇರ್ ತಂಪು. ಅದನ್ನು ಮೂರು ವಾರ ತಿನ್ನಿಸಿದೆ. ನಾನೇ ಕೆಡಿಸಿದೆನಾ? ನನ್ನಿಂದ ಹೀಗಾಯಿತಾ?"

ನಾನು ಆ ಪ್ರಶ್ನೆಯನ್ನು ಅಮ್ಮನಿಗೆ ದಾಟಿಸಲಿಲ್ಲ. ಅಮ್ಮ ತಿಂದೇ ಇಲ್ಲ ಎಂಬ ಒಂದೇ ವಾಕ್ಯ ಸಾಕಿತ್ತು, ಆ ಹೆಂಗಸಿನ ಎದೆಯ ಭಾರ ಇಳಿದುಹೋಗುತ್ತಿತ್ತು. ಪಕ್ಕದಲ್ಲಿ ಪಪ್ಪ ನಿಂತಿದ್ದರು. ಅಮ್ಮ ಅವಳ ಅಳುವನ್ನಷ್ಟೇ ಅರ್ಥ ಮಾಡಿಕೊಂಡು, ಅವಳ ತಲೆ ಸವರಿ, ತನ್ನಲ್ಲಿದ್ದ ಇಂಗ್ಲಿಷನ್ನೆಲ್ಲ ಸೇರಿಸಿ "ನೋ, ನೋ, ವೆರಿ ನೈಸ್, ವೆರಿ ನೈಸ್" ಎಂದಳು. ಎಕ್ಸ್‌ರೇಯ ಮಾತು ಪಪ್ಪನಿಗೆ ಹೇಳಿದ್ದೆಯಾ ಎಂದು ಮೇ ಆಂಟಿ ಕೇಳಲಿಲ್ಲ. ಕೇಳದೆಯೇ, ಅಳುತ್ತಳುತ್ತ ನನ್ನನ್ನು ಒಂದು ಸಲ ನೋಡಿದಳು. ನಾನು ನೆಲ ನೋಡಿದೆ.

ಮಂಗಳೂರಿನ ಆಸ್ಪತ್ರೆಯಲ್ಲಿ ಒಂದು ದಿನ ಅಮ್ಮ ನನ್ನ ಗಲ್ಲ ಹಿಡಿದು ಮುಖ ನೋಡುತ್ತ ನಕ್ಕಳು. "ಈ ವರ್ಷ ನಿನ್ನ ತುಟಿ ಒಡೀಲೇ ಇಲ್ಲ ಅಲ್ವಾ ಮಗಾ? ಮೋರಿಗೆ ಸುರಿದದ್ದು ಎಲ್ಲಿಗೆ ಹೋಯ್ತು ಅಂತ ನನಗೆ ಗೊತ್ತುಂಟು." ಅವಳಿಗೆ ಅದೊಂದು ತಮಾಷೆ. ಮಗಳ ಹೊಟ್ಟೆಗೆ ಹೋಯಿತಲ್ಲ ಎಂಬ ಸಮಾಧಾನ. ಉಳಿದದ್ದು ಅವಳಿಗೆ ಗೊತ್ತಿರಲಿಲ್ಲ. ಹೇಳಿಬಿಡೋಣ ಎಂದು ಬಾಯಿ ತೆರೆದೆ. ಅವಳಿಗೆ ಕೆಮ್ಮು ಬಂತು.

ಅವಳು ಇನ್ನೊಂದು ಅಕ್ಟೋಬರ್ ನೋಡಲಿಲ್ಲ. ಪಪ್ಪ ದೋಹಾಕ್ಕೆ ಮರಳಿದರು, ನಾನು ಮಂಗಳೂರಿನಲ್ಲೇ, ಕಾವೂರಿನ ಚಿಕ್ಕಮ್ಮನ ಮನೆಯಲ್ಲಿ ಬೆಳೆದೆ. ಮೇ ಆಂಟಿಯೂ ಅವಳ ಗಂಡನೂ ಮರುವರ್ಷ ಆ ಫ್ಲ್ಯಾಟ್ ಬಿಟ್ಟರಂತೆ. ಎಲ್ಲಿಗೆಂದು ಯಾರಿಗೂ ತಿಳಿಯದು. ದೊಡ್ಡವಳಾದ ಮೇಲೆ ನಾನು ಹಾಗೆ ಹಣ್ಣು ಬೇಯಿಸಲು ನೋಡಿದ್ದೇನೆ. ವಾಸನೆ ಬಂದ ಕೂಡಲೇ ಒಲೆ ಆರಿಸುತ್ತೇನೆ. ಅಮ್ಮನ ದನಿ ಹೇಗಿತ್ತು ಎಂಬುದು ನನ್ನಿಂದ ಹೋಗಿಬಿಟ್ಟಿದೆ. ಅವಳು ಹೇಳಿದ ಮಾತುಗಳು ನೆನಪಿವೆ, ಆದರೆ ಅವೆಲ್ಲ ನನ್ನದೇ ದನಿಯಲ್ಲಿ ಕೇಳಿಸುತ್ತವೆ. ಅವಳದ್ದೇ ಆಗಿ ಉಳಿದಿರುವುದು ಆ ಕೆಮ್ಮು ಮಾತ್ರ. ಬಸ್ಸಿನಲ್ಲಿ, ಮದುವೆಮನೆಯಲ್ಲಿ, ಯಾರಾದರೂ ಹಾಗೆ ಒಣಗಿ ಕೆಮ್ಮಿದರೆ ನಾನು ತಿರುಗಿ ನೋಡುತ್ತೇನೆ, ಗುರುತಿಲ್ಲದವರಿಗೂ ಹೋಗಿ ಎಕ್ಸ್‌ರೇ ತೆಗೆಸಿ ಎಂದು ಹೇಳಿ ಬೈಸಿಕೊಂಡಿದ್ದೇನೆ.

ಎರಡು ವರ್ಷದ ಹಿಂದೆ ಪಪ್ಪನೂ ಹೋದರು. ಕೊನೆಯ ದಿನಗಳಲ್ಲಿ ಅವರಿಗೆ ಹಳೆಯದೇ ನೆನಪು. ಒಂದು ಮಧ್ಯಾಹ್ನ ಗಂಜಿ ಕುಡಿಸುತ್ತಿದ್ದಾಗ ನನ್ನ ಕೈ ತಡೆದು ಹೇಳಿದರು.

"ನನಗೆ ಆಫೀಸು ಆಫೀಸು ಅಂತ ಗೊತ್ತಾಗ್ಲಿಲ್ಲ ಮಗಾ. ಆಗ ಯಾರಾದ್ರೂ ಒಂದು ಮಾತು ಹೇಳಿದ್ದಿದ್ರೆ ಆಗಿಂದಾಗ್ಲೇ ಕರ್ಕೊಂಡು ಹೋಗ್ತಿದ್ದೆ. ಯಾರೂ ಹೇಳ್ಲಿಲ್ಲ ಅಲ್ವಾ?"

ನಾನು ಅವರ ಬಾಯಿ ಒರೆಸಿದೆ.

"ಇಲ್ಲ ಪಪ್ಪ," ಎಂದೆ. "ಯಾರೂ ಹೇಳ್ಲಿಲ್ಲ."