ಎಕ್ಸ್‌ರೇ ಅಕ್ಕನ ಕ್ಯಾಬಿನೆಟ್

ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದರು ಎಂದು ಆತುರಗಾರರನ್ನು ಆಡಿಕೊಳ್ಳುವುದುಂಟು. ಎಕ್ಸ್‌ರೇ ಅಕ್ಕನದು ಅದರ ತಿರುವುಮುರುವು. ಕೂಸು ಹುಟ್ಟಿ, ಬೆಳೆದು, ಊಟದ ಮೇಜಿನ ತುಂಬ ಕಾಲು ಚಾಚಿ ಮಲಗಿತ್ತು. ತೊಟ್ಟಿಲೇ ಇನ್ನೂ ಸಿಕ್ಕಿರಲಿಲ್ಲ.

ಕೂಸೆಂದರೆ ಹೊಸ ಕಂಪ್ಯೂಟರಿನ ಬಿಡಿಭಾಗಗಳು. ಅವುಗಳಲ್ಲಿ ಎರಡು ಮಹಾಗಾತ್ರದವು. ಒಂದು, ಪರದೆಯ ಮೇಲೆ ಚಿತ್ರ ಮೂಡಿಸುವ, ಮುನ್ನೂರೈವತ್ತೇಳು ಮಿಲಿಮೀಟರ್ ಉದ್ದದ ಗ್ರಾಫಿಕ್ಸ್ ಕಾರ್ಡ್. ಇನ್ನೊಂದು, ಮೂರು ಫ್ಯಾನುಗಳ ರೇಡಿಯೇಟರ್. ಲಾರಿಯಲ್ಲಿರುವಂತೆಯೇ ಇದರೊಳಗೂ ನೀರು ಹರಿದು ಯಂತ್ರದ ಬಿಸಿಯನ್ನು ಹೊರಗೆ ಹಾಕುತ್ತದೆ. ಇವೆರಡನ್ನೂ ಹೊಟ್ಟೆಗೆ ಹಾಕಿಕೊಳ್ಳುವಂಥ ಪೆಟ್ಟಿಗೆ, ಅಂದರೆ ಕ್ಯಾಬಿನೆಟ್, ಬೇಕಾಗಿತ್ತು.

ಅಕ್ಕನಿಗೆ ಐವತ್ತು ದಾಟಿತ್ತು. ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಎಕ್ಸ್‌ರೇ ತೆಗೆಯುವ ಕೆಲಸ. "ಉಸಿರು ಹಿಡೀರಿ... ಬಿಡಿ. ಈಗ ಸೈಡಿಂದ ಒಂದು" ಎಂದು ದಿನವಿಡೀ ಹೇಳಿ ಮನೆಗೆ ಬಂದರೆ, ಕಿಟಕಿ ಪಕ್ಕದ ಮೂಲೆಯಲ್ಲಿ ಕೂತು ಕಂಪ್ಯೂಟರಿನಲ್ಲಿ ವಿಮಾನ ಹಾರಿಸುವುದೇ ಪರಮಸುಖ. ಏರುವುದು ಸಲೀಸು. ಇಳಿಯುವಾಗಲೇ ಫಜೀತಿ. ಮೋಡ, ಕಟ್ಟಡ, ರನ್‌ವೇ ಎಲ್ಲ ಒಟ್ಟಿಗೆ ಎದುರಾದೊಡನೆ ಹಳೆಯ ಕಂಪ್ಯೂಟರ್ ಏದುಸಿರು ಬಿಟ್ಟು ಕಲ್ಲಾಗುತ್ತಿತ್ತು. ಪ್ರಯಾಣಿಕರೆಲ್ಲ ಗಾಳಿಯಲ್ಲೇ ಬಾಕಿ! ದೊಡ್ಡ ಊರಿನಲ್ಲಿ ಒಂದು ಸಲವಾದರೂ ಚಕ್ರ ಊರಬೇಕೆಂಬುದು ಅವಳ ಜೀವಮಾನದ ಆಸೆ.

ಜೊತೆಗಿದ್ದ ತಂಗಿ ಬ್ಯಾಂಕಿನಲ್ಲಿ ಗುಮಾಸ್ತೆ. ಅವಳ ಕಣ್ಣೂ ಅದೇ ಮೂಲೆಯ ಮೇಲೆ. ಡಾಕ್ಟರು ನಡೆಯಿರಿ ಎಂದದ್ದೇ ತಡ, ಒಂದು ಟ್ರೆಡ್‌ಮಿಲ್ ಗೊತ್ತುಮಾಡಿ ಬಂದಿದ್ದಳು.

"ಭಾನುವಾರ ಸಂಜೆ ತಂದು ಇಳಿಸ್ತಾರೆ. ಅಷ್ಟರೊಳಗೆ ನಿನ್ನ ಯಂತ್ರ ಓಡಿದ್ರೆ ಮೂಲೆ ನಿಂದು. ಇಲ್ದಿದ್ರೆ ನಂದು, ಈ ತಗಡೆಲ್ಲ ಮಾರಿಬಿಡಬೇಕು. ನಿಂತ್ಕೊಂಡು ಊಟ ಮಾಡಿ ಮಾಡಿ ಕಾಲು ಬಿದ್ದುಹೋಯ್ತು ನಂಗೆ."

"ಕಾಲಿಗೆ ಕೆಲಸ ಕೊಡಿ ಅಂತ ಡಾಕ್ಟರೇ ಹೇಳಿದ್ರಲ್ವೇನೇ?"

"ನಡೀರಿ ಅಂದ್ರು. ನಿನ್ನ ಹಾಗೆ ಹಾರಿ ಅನ್ಲಿಲ್ಲ, ಪುಣ್ಯಕ್ಕೆ."

ಅಕ್ಕ ಅಂದಾಜಿನ ಆಸಾಮಿಯಲ್ಲ. ಕಾರ್ಡನ್ನೂ ರೇಡಿಯೇಟರನ್ನೂ ರಟ್ಟಿನ ಮೇಲಿಟ್ಟು, ಸುತ್ತ ಪೆನ್ಸಿಲ್ ಎಳೆದು, ಕೂದಲೆಳೆಯಷ್ಟೂ ತಪ್ಪದಂತೆ ಕತ್ತರಿಸಿದಳು. ಶನಿವಾರ ಆ ಎರಡು ರಟ್ಟು ಬಗಲಲ್ಲಿಟ್ಟುಕೊಂಡು ಅಂಗಡಿಗೆ ನಡೆದಳು.

ಅಂಗಡಿಯವನು ಮೊದಲು ಎಳೆದು ತಂದದ್ದು ಮುಂಭಾಗವೆಲ್ಲ ಗಾಜಿನ ಕ್ಯಾಬಿನೆಟ್.

"ಏಳು ಬಣ್ಣ ಹೊಡೆಯುತ್ತೆ ಮೇಡಂ!"

"ಗಾಳಿ ಎಲ್ಲಿಂದ ಬರುತ್ತೆ?"

ಅವನು ಗಾಜನ್ನು ನೋಡಿದ, ಸೂರನ್ನು ನೋಡಿದ. "ಗಾಳಿ... ಬಣ್ಣ ಮಾತ್ರ ಒಂದಕ್ಕಿಂತ ಒಂದು ಚೆನ್ನಾಗಿದೆ ಮೇಡಂ."

ಎರಡನೆಯದರಲ್ಲಿ ರಟ್ಟಿನ ಕಾರ್ಡು ಮೂಗು ಹೊರಗೆ ಚಾಚಿತು. ಮೂರನೆಯದು ಬಟ್ಟೆಯ ಬೀರುವಿನಷ್ಟಿತ್ತು. "ಇದಕ್ಕೆ ಬಾಡಿಗೆ ಕಟ್ಟಿ ನಾನೇ ಇರಬಹುದಲ್ಲಪ್ಪಾ" ಎಂದಳು. ನಾಲ್ಕನೆಯದಕ್ಕೆ ಮುಂದೆ ಜಾಲರಿಯ ಮುಚ್ಚಳ, ಒಳಗೆ ನಾನೂರು ಮಿಲಿಮೀಟರ್ ಉದ್ದ. ಚಾವಣಿಯಲ್ಲಿ ಎರಡೇ ಫ್ಯಾನಿಗೆ ಜಾಗ, ಮುಂದೆ ಮೂರಕ್ಕೆ. ಕಾರ್ಡಿನ ರಟ್ಟು ಇಟ್ಟಳು: ಹಿಡಿಸಿತು. ತೆಗೆದು, ರೇಡಿಯೇಟರಿನ ರಟ್ಟನ್ನು ಮುಂಭಾಗಕ್ಕೆ ಒತ್ತಿ ಹಿಡಿದಳು: ಅಚ್ಚಿಗೆ ಹೊಯ್ದಂತೆ ಕೂತಿತು. ಅಕ್ಕ ಹಿಗ್ಗಿ ಹೀರೇಕಾಯಿಯಾದಳು.

"ಬಿಚ್ಚಿದ ಮೇಲೆ ವಾಪಸ್ ತಗೊಳ್ಳಲ್ಲ ಮೇಡಂ."

"ಯಾಕಪ್ಪಾ ತರ್ಲಿ? ಅಳೆದಿದೀನಿ!"

ಭಾನುವಾರ ಊಟವಾದ ಮೇಲೆ ಜೋಡಣೆ ಶುರುವಾಯಿತು. ತಂಗಿ ಟಾರ್ಚ್ ಹಿಡಿದು ನಿಂತಳು, ಸೋಲನ್ನು ಹತ್ತಿರದಿಂದ ನೋಡಲು. ಫ್ಯಾನು ಕೂರಿಸಿದ ರೇಡಿಯೇಟರು ಮುಂಭಾಗಕ್ಕೆ ಬಿಗಿಯಾಯಿತು. ಅಕ್ಕ ಹಾಡು ಗುನುಗುತ್ತ ಕಾರ್ಡನ್ನು ಇಳಿಸಹೋದಳು. ಅದು ಇಳಿಯಲಿಲ್ಲ. ಓರೆ ಮಾಡಿದಳು, ಉಸಿರು ಹಿಡಿದಳು, ಬಿಟ್ಟಳು. ಕಾರ್ಡಿನ ತುದಿ ಫ್ಯಾನಿಗೆ ಡಿಕ್ಕಿ ಹೊಡೆದು ನಿಂತಿತ್ತು. ಒಂಬತ್ತು ಮಿಲಿಮೀಟರ್ ಹೆಚ್ಚು! ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ.

ತಂಗಿ ರೇಡಿಯೇಟರಿನ ರಟ್ಟನ್ನು ಎತ್ತಿ ಹಿಂದೆ ಮುಂದೆ ತಿರುಗಿಸಿದಳು.

"ಅಕ್ಕಾ, ಇದಕ್ಕೆ ದಪ್ಪ ಎಲ್ಲಿ?"

ಅಕ್ಕ ರಟ್ಟನ್ನು ಕಸಿದುಕೊಂಡು ಅದರ ಅಂಚನ್ನು ನೋಡಿದಳು.

"ಊರಿಗೆಲ್ಲ ಹೇಳ್ತೀಯ, ಇಲ್ಲಿ ಸೈಡಿಂದ ಒಂದು ತೆಗೀಲೇ ಇಲ್ವಾ?"

ಮೂವತ್ತು ವರ್ಷ ಎಕ್ಸ್‌ರೇಯ ನೆರಳನ್ನೇ ನೋಡಿದ ಕಣ್ಣು, ರೇಡಿಯೇಟರಿನ ನೆರಳನ್ನಷ್ಟೇ ಕತ್ತರಿಸಿತ್ತು. ರೇಡಿಯೇಟರು ಇಪ್ಪತ್ತೇಳು, ಫ್ಯಾನು ಇಪ್ಪತ್ತೈದು, ಒಟ್ಟು ಐವತ್ತೆರಡು ಮಿಲಿಮೀಟರ್ ಅವಳ ಲೆಕ್ಕದಿಂದ ಆವಿಯಾಗಿತ್ತು. ಅಕ್ಕನಿಗೆ ಮೊದಲು ಅಳು ಬಂತು. ಅದು ಗಂಟಲಲ್ಲೇ ದಾರಿ ತಪ್ಪಿ ನಗುವಾಗಿ ಹೊರಬಿತ್ತು. ತಂಗಿಗೂ ಅಂಟಿತು. ನಕ್ಕು ನಕ್ಕು ಇಬ್ಬರೂ ನೆಲಕ್ಕೆ ಕೂತರು, ಟಾರ್ಚ್ ಉರುಳಿ ಸೋಫಾದಡಿ ಸೇರಿತು.

"ಮೂಲೆ ನಂದು" ಎಂದಳು ತಂಗಿ, ಕಣ್ಣೊರೆಸಿಕೊಳ್ಳುತ್ತ.

"ಸಂಜೆ ಆಗಿಲ್ಲ ಕಣೇ, ಇರು."

ಅಕ್ಕ ಸ್ಕೇಲು ಹಿಡಿದು, ಈ ಸಲ ಪ್ರತಿಯೊಂದರ ದಪ್ಪವನ್ನೇ ಅಳೆಯತೊಡಗಿದಳು. ಜಾಲರಿಯ ಮುಚ್ಚಳವನ್ನು ಎಳೆದಳು. ಟಪ್ಪೆಂದು ಕಳಚಿ ಬಂತು. ಮುಚ್ಚಳಕ್ಕೂ ಒಳಗಿನ ಚೌಕಟ್ಟಿಗೂ ನಡುವೆ ಮೂವತ್ತು ಮಿಲಿಮೀಟರ್ ಖಾಲಿ!

"ಫ್ಯಾನು ಒಳಗೇ ಇರಬೇಕು ಅಂತ ಯಾರು ಹೇಳಿದ್ದು?" ಎಂದು ಕೂಗಿದಳು.

"ನಾನಂತೂ ಹೇಳಿಲ್ಲಪ್ಪಾ."

ಫ್ಯಾನುಗಳು ಚೌಕಟ್ಟಿನ ಹೊರಗೆ ಹೋದವು, ರೇಡಿಯೇಟರು ಒಳಗೇ ಉಳಿಯಿತು, ಉದ್ದನೆಯ ತಿರುಪುಗಳು ಮೂರನ್ನೂ ಸೇರಿಸಿ ಕಚ್ಚಿದವು. ಕಾರ್ಡು ಈಗ ರಾಜಗಾಂಭೀರ್ಯದಿಂದ ಇಳಿದು ಕಟ್ ಎಂದು ಕೂತಿತು. ವಿಮಾನದ ಆಟವಿದ್ದ ಹಳೆಯ ಡಿಸ್ಕನ್ನೇ ಸಿಕ್ಕಿಸಿ ಗುಂಡಿ ಒತ್ತಿದರೆ, ಹೊಸ ಯಂತ್ರ ಪಿಸುಮಾತಿನಲ್ಲಿ ಎದ್ದಿತು.

ಅಕ್ಕ ಸೀದಾ ದೊಡ್ಡ ಊರಿನತ್ತ ವಿಮಾನ ತಿರುಗಿಸಿದಳು. ಮೋಡ ಬಂತು, ಕಟ್ಟಡಗಳು ಬಂದವು, ರನ್‌ವೇ ಬಂತು, ಯಾವುದೂ ನಿಲ್ಲಲಿಲ್ಲ. ಟ್ರೆಡ್‌ಮಿಲ್ ತಂದವರು ಬಾಗಿಲು ತಟ್ಟಿದ್ದು ಆಗಲೇ. ತಂಗಿ ಕುರ್ಚಿಯ ಬೆನ್ನು ಗಟ್ಟಿಯಾಗಿ ಹಿಡಿದಿದ್ದಳು, ಕಣ್ಣು ಪರದೆಯಿಂದ ಕದಲಲಿಲ್ಲ.

"ಎಲ್ಲಿಡೋಣ ಅಮ್ಮಾ?" ಹೊರಗಿನಿಂದ ದನಿ ಬಂತು.

"ನನ್ನ ಮಂಚದ ಪಕ್ಕ ಇಡಿ, ಎಲ್ಲಾದ್ರೂ ಇಡಿ! ಈಗ ಮಾತಾಡಿಸಬೇಡಿ, ನಾವು ಇಳೀತಾ ಇದೀವಿ... ಅಕ್ಕಾ, ಚಕ್ರ! ಚಕ್ರ ಬಿಡೇ!"