ಹಾಲ್‌ಗೆ ಇಳಿದು ಬಂದ ಲಾರಿ

ಡ್ರೈವಿಂಗ್ ಶಾಲೆಯಲ್ಲಿ ಅವಳಿಗೆ ಬ್ರೇಕ್ ಅಕ್ಕ ಎಂದೇ ಹೆಸರು. ಕಲಿಯಲು ಬಂದವರು ಗಾಬರಿಯಲ್ಲಿ ಗೋಡೆಗೆ ಗುರಿಯಿಟ್ಟಾಗ ಪಕ್ಕದ ಸೀಟಿನಿಂದಲೇ ಕಾರು ನಿಲ್ಲಿಸಿ, "ಗೋಡೆ ಎಲ್ಲಿಗೂ ಓಡಿಹೋಗಲ್ಲ, ನಿಧಾನ" ಎನ್ನುವವಳು. ದಿನವಿಡೀ ಜೀವ ಕೈಯಲ್ಲಿ ಹಿಡಿದು ಕೂತವಳು ಮನೆಗೆ ಬಂದರೆ ಮಹಡಿಯ ಕೋಣೆಯ ಕಂಪ್ಯೂಟರಿನಲ್ಲಿ ಮತ್ತೆ ಗಾಡಿಯನ್ನೇ ಓಡಿಸುತ್ತಿದ್ದಳು. ಆಟದಲ್ಲಾದರೂ ಸ್ಟೀರಿಂಗ್ ಅವಳದ್ದೇ ತಾನೇ.

ಅಪ್ಪ ಲಾರಿ ಓಡಿಸಿ ಅವಳನ್ನು ಬೆಳೆಸಿದವರು. ಸೊಂಟದ ಮೂಳೆ ಮುರಿದು ಹಾಲ್‌ನ ಮಂಚ ಹಿಡಿದ ಮೇಲೆ ಅವರ ಮಾತೇ ಕಡಿಮೆಯಾಯಿತು. ಕಿಟಕಿಯಾಚೆ ಯಾರಾದರೂ ತಪ್ಪು ಗೇರ್ ಹಾಕಿದರೆ ಮುಖ ಸಿಂಡರಿಸುವುದೊಂದೇ ಕೆಲಸ. ಅಪ್ಪ ಮಹಡಿ ಹತ್ತಲಾರರು. ತಾನು ಮೇಲೆ ಆಡುವ ಲಾರಿಯ ಆಟವನ್ನೇ ಕೆಳಗಿಳಿಸಿದರಾಯಿತು ಎಂದು ಅವಳಿಗೆ ಹೊಳೆಯಿತು. ಮೇಲಿನ ಕಂಪ್ಯೂಟರ್ ಆಟ ನಡೆಸಬೇಕು, ಅದರ ಚಿತ್ರ ಮನೆಯ ವೈಫೈ ಮೂಲಕ ಹಾಲ್‌ನ ಹಳೇ ಲ್ಯಾಪ್‌ಟಾಪಿಗೆ ಬರಬೇಕು. ಅಂಗಡಿಯವನ ಮಾತು ನಂಬಿ, ಚಿತ್ರ ಬಂದ ವೇಗಕ್ಕೆ ತಾನೂ ಹೊಂದಿಕೊಳ್ಳುವ ಅಡಾಪ್ಟಿವ್ ಸಿಂಕ್ ಮಾನಿಟರ್ ತಂದು, ಲ್ಯಾಪ್‌ಟಾಪಿಗೆ ಜೋಡಿಸಿ ಮಂಚದೆದುರು ಇಟ್ಟಳು. ಆಟದ ಸ್ಟೀರಿಂಗನ್ನು ಮೇಜಿಗೆ ಬಿಗಿದು, ಬ್ರೇಕ್, ಆಕ್ಸಿಲರೇಟರ್‌ಗಳನ್ನು ಅದರ ಗುಂಡಿಗಳಿಗೆ ಕೊಟ್ಟು ಕಾಲಿನ ಕೆಲಸವನ್ನೂ ಬೆರಳಿಗೇ ವಹಿಸಿದಳು.

ಅಪ್ಪ ಅರ್ಧ ಮೈಲಿ ಹೋಗಿಲ್ಲ, ಕೈ ತೆಗೆದರು.

"ರಸ್ತೆ ಬಿಕ್ಕಳಿಸ್ತಿದೆ ಕಣಮ್ಮ, ತಲೆ ಸುತ್ತುತ್ತೆ. ಸುರಂಗದೊಳಗೆ ಹೋದ್ರೆ ದೀಪ ಬೇರೆ ಮಿಣಮಿಣ ಅನ್ನುತ್ತೆ."

"ಹೊಸ ಮಾನಿಟರ್ ಅಪ್ಪ, ಇದರಲ್ಲಿ ಹಾಗಾಗಬಾರದು."

"ಆ ವಿಷಯ ನಿನ್ನ ಮಾನಿಟರಿಗೆ ಗೊತ್ತಿಲ್ಲ ಅನ್ಸುತ್ತೆ," ಎಂದು ಅಪ್ಪ ಗೋಡೆಯ ಕಡೆ ತಿರುಗಿ ಮಲಗಿದರು.

ಅವಳ ಮುಖ ಸಪ್ಪಗಾಯಿತು. ಆದರೆ ಪಟ್ಟು ಬಿಡುವವಳಲ್ಲ. ಭಾನುವಾರವಿಡೀ ಮೇಲೆ ಕೆಳಗೆ ಓಡಾಡಿ ಎಡವಟ್ಟು ಎಲ್ಲಿದೆಯೆಂದು ಪತ್ತೆಹಚ್ಚಿದಳು. ಮೇಲಿನ ಕಂಪ್ಯೂಟರ್ ಒಮ್ಮೆ ಬಿರುಸಾಗಿ, ಒಮ್ಮೆ ಮಂದವಾಗಿ ಚಿತ್ರ ಕಳಿಸುತ್ತಿತ್ತು. ವೈಫೈ ಅವನ್ನು ದಾರಿಯಲ್ಲಿ ತಡೆದು, ಆಮೇಲೆ ಗುಂಪಾಗಿ ನೂಕುತ್ತಿತ್ತು. ಮಾನಿಟರ್ ಪಾಪ, ಆ ಏರುಪೇರಿಗೆಲ್ಲ ಕುಣಿಯಹೋಗಿ ಮಿಣುಕುತ್ತಿತ್ತು. ಬಾರದ ಚಿತ್ರವನ್ನು ಅದಾದರೂ ಎಲ್ಲಿಂದ ತಂದೀತು? ಅವಳು ವೈಫೈ ಬಿಟ್ಟು, ಮೆಟ್ಟಿಲ ಬದಿಗುಂಟ ಲ್ಯಾಪ್‌ಟಾಪಿನವರೆಗೆ ಉದ್ದದ ಕೇಬಲ್ ಎಳೆದಳು. ಮೇಲಿನ ಕಂಪ್ಯೂಟರಿಗೆ ವೇಗದ ಮಿತಿ ಹಾಕಿದಳು: ಸೆಕೆಂಡಿಗೆ ಅರವತ್ತು ಚಿತ್ರ, ಒಂದೂ ಹೆಚ್ಚು ಬೇಡ.

"ಈಗ ಹಿಡಿಯಪ್ಪ, ನೋಡೋಣ."

ಅಪ್ಪ ಒಲ್ಲದ ಮನಸ್ಸಿನಿಂದಲೇ ಹಿಡಿದರು. ತಿರುವು ಬಂತು, ಹೋಯಿತು. ರಸ್ತೆ ನೀರಿನ ಹಾಗೆ ಹರಿಯಿತು. ಸುರಂಗದ ದೀಪಗಳು ನೆಟ್ಟಗೆ ಉರಿದವು. ಅಪ್ಪ ಬೆನ್ನ ಹಿಂದಿನ ದಿಂಬು ಸರಿಮಾಡಿಕೊಂಡು ಕೇಳಿದರು:

"ಲೋಡ್ ಏನು?"

"ಸಿಮೆಂಟು."

"ಮೊದಲೇ ಹೇಳಬಾರದಾ? ಸಿಮೆಂಟ್ ಹೇರ್ಕೊಂಡು ಇಳಿಜಾರಲ್ಲಿ ಇಷ್ಟು ಜೋರಾಗಿ ಹೋಗ್ತಾರಾ ಯಾರಾದ್ರೂ?"

ಅವಳು ನೀರು ತರುವ ನೆಪದಲ್ಲಿ ಅಡುಗೆಮನೆಗೆ ಹೋಗಿ, ಸ್ವಲ್ಪ ಹೊತ್ತು ಅಲ್ಲೇ ನಿಂತಳು. ಹಾಲ್‌ನಿಂದ ಹಾರ್ನ್ ಕೇಳುತ್ತಿತ್ತು, ಅದರ ಮೇಲೆ ಯಾವನಿಗೋ ಅಪ್ಪನ ಬೈಗುಳ.

ಈಗ ಅವರು ಬೆಳಗಾದರೆ ಮಂಚದಲ್ಲೇ ಲಾರಿ ಹತ್ತಿ ಹೊರಟುಬಿಡುತ್ತಾರೆ. ಕ್ಷೌರ ಮಾಡಲು ಮನೆಗೇ ಬರುವ ಹಳೆಯ ಗೆಳೆಯನನ್ನೂ ಪಕ್ಕದಲ್ಲಿ ಕೂರಿಸಿಕೊಳ್ಳುತ್ತಾರೆ. ಮೊನ್ನೆ ಅವಳು ಮಧ್ಯಾಹ್ನ ಊಟಕ್ಕೆ ಬಂದಾಗ ಅಪ್ಪನ ಒಂದು ಕೆನ್ನೆಯ ಮೇಲೆ ನೊರೆ ಹಾಗೇ ಒಣಗಿತ್ತು.

"ಏನು ಚಿಕ್ಕಪ್ಪ ಇದು?" ಎಂದಳು ಆ ಗೆಳೆಯನಿಗೆ.

"ಹಡಗಿನ ಬಂದರು ಹತ್ರ ಬಂತಮ್ಮ," ಎಂದ ಆತ, ಪರದೆಯಿಂದ ಕಣ್ಣು ಕೀಳದೆ. "ಮಾಲು ಇಳಿಸಿಬಿಟ್ಟು ಆ ಕೆನ್ನೆ ಮಾಡ್ತೀನಿ."