ಅಮ್ಮನ "ಯಾವು"

ಮಿತ್ರರೇ, ಇವತ್ತು ಕಾಪುವಿನಲ್ಲಿ ಗೃಹಪ್ರವೇಶದ ಊಟ. ಎಲೆಗೆ ಕೈ ಅಡ್ಡ ಹಿಡಿದು "ಸಾಕು" ಎಂದೆ. ಬಡಿಸುವವರು ಬೆರಳ ಸಂದಿಯಲ್ಲೇ ಪಾಯಸ ಸುರಿದರು. ರೇಗಿದೆ. "ಎಂತ ಮಾರಾಯ್ರೆ, ನಮ್ಮಲ್ಲಿ ಸಾಕು ಅಂದರೆ ಇನ್ನೊಂದು ಸೌಟು ಅಂತಲೇ ಅಲ್ವಾ" ಎಂದು ನಕ್ಕರು.

ನನಗೆ ನಗು ಬರಲಿಲ್ಲ. ಎಂಬತ್ತಮೂರನೇ ವಯಸ್ಸಿನಲ್ಲಿ ಅಮ್ಮ ಆಸ್ಪತ್ರೆಯಲ್ಲಿದ್ದಾಗ ಡಾಕ್ಟರು, "ಮುಂದೆ ಉಸಿರಾಟ ಕೈಕೊಟ್ಟರೆ ಮೆಷಿನ್ ಹಾಕುವುದಾ? ಅವರನ್ನು ಈಗಲೇ ಕೇಳಿಡಿ" ಎಂದಿದ್ದರು. ಕೇಳಿದೆ. ಅಮ್ಮ ತುಳುವಿನಲ್ಲಿ "ಯಾವು ಮಗಾ" ಎಂದಳು, ಸಾಕು ಅಂತ. ನಾನು ಡಾಕ್ಟರಿಗೆ, "ಸಂಕೋಚಕ್ಕೆ ಹಾಗೆ ಹೇಳುತ್ತಾರೆ, ನೀವು ಹಾಕಿ" ಎಂದೆ. ಹದಿನೆಂಟು ದಿನ ಮೆಷಿನ್‌ನಲ್ಲಿದ್ದಳು.

ಜೀವಮಾನವಿಡೀ ಊರಿಗೆಲ್ಲ ಬಡಿಸಿದವಳು. ತನಗೆ ಸಾಕು ಎಂದದ್ದು ಅದೊಂದೇ ಸಲ. ಅವತ್ತೂ ನಾನು ಒತ್ತಾಯ ಮಾಡಿ ಬಡಿಸಿದೆ.